ಮೂವತ್ತೈದು ಸಾವಿರ ಲಿಂಫೋಸೈಟುಗಳೂ ಟೈಂಕೀಪರ್ ಭೋಜನ ಒಂದು ಜಗಳವೂ

ಹಿರಿಯಡ್ಕ ಬಸ್‌ಸ್ಟ್ಯಾಂಡಿನಲ್ಲಿ ಸಿಟ್ಟಿಗೆ ಇಪ್ಪತ್ತೆರಡು ವರ್ಷಗಳಿಂದ ಒಂದು ಕಾಯಂ ವಿಳಾಸವಿತ್ತು. ಕಬ್ಬಿನ ಹಾಲಿನ ಗಾಡಿಯ ಪಕ್ಕ, ತಗಡಿನ ಮಾಡಿನಡಿ ಒಂದು ಮರದ ಮೇಜು. ಮೇಜಿನ ಹಿಂದಿನ ಗೋಡೆಯಲ್ಲಿ ಒಂದು ಗಡಿಯಾರ. ಗಡಿಯಾರದ ಕೆಳಗೆ, ಕೊರಳಿಗೆ ವಿಸಿಲ್ ಕಟ್ಟಿಕೊಂಡು, ಅದಕ್ಕಿಂತ ಗಟ್ಟಿಯಾಗಿ ಹಲ್ಲು ಕಡಿಯುತ್ತ ಕೂತ ಟೈಂಕೀಪರ್ ಭೋಜ.

ಕಾರ್ಕಳದಿಂದ ಮಣಿಪಾಲದ ಮೇಲೆ ಉಡುಪಿಗೆ ಹೋಗುವ, ಉಡುಪಿಯಿಂದ ಹಾಗೆಯೇ ತಿರುಗಿ ಬರುವ ಖಾಸಗಿ ಬಸ್ಸುಗಳಿಗೆ ಹಿರಿಯಡ್ಕದಲ್ಲಿ ನಿಲ್ಲಲು ಸಿಗುವುದು ತಲಾ ಎರಡು ನಿಮಿಷ. ಮೂರನೆಯ ನಿಮಿಷ ನಿಂತವನು ಹಿಂದಿನ ಬಸ್ಸಿನ ಜನರನ್ನು ಕದ್ದಂತೆ. ಒಂದು ನಿಮಿಷ ಮೊದಲು ಬಂದವನು ಮುಂದಿನವನ ಅನ್ನಕ್ಕೆ ಕೈ ಹಾಕಿದಂತೆ. ಈ ಕಳ್ಳರ ನಡುವೆ ಧರ್ಮ ಉಳಿಸಲು ದೇವರು ನೇಮಿಸಿದ್ದು ತನ್ನನ್ನೇ ಎಂದು ಭೋಜನ ನಂಬಿಕೆ. ಬಸ್ ಮಾಲಕರ ಸಂಘ ನೇಮಿಸಿದ್ದು ಎಂದು ಉಳಿದವರ ನಂಬಿಕೆ.

ಭೋಜ ಹುಟ್ಟಿದ್ದು ಕಾಪುವಿನಲ್ಲಿ. ಹುಟ್ಟಿದ ಕೂಡಲೇ ಅವನು ಅಳಲಿಲ್ಲ, ತಡವಾಗಿ ಬಂದ ಸೂಲಗಿತ್ತಿಯನ್ನು ಬೈದ ಎಂದು ಅವನ ತಾಯಿ ಹೇಳುತ್ತಿದ್ದರಂತೆ. ಎಂಟನೆಯ ತರಗತಿಗೆ ಶಾಲೆ ಬಿಟ್ಟು ಬಸ್ಸು ತೊಳೆಯಲು ಸೇರಿ, ಕಂಡಕ್ಟರನಾಗಿ, ಹದಿನಾಲ್ಕು ವರ್ಷ ಫುಟ್‌ಬೋರ್ಡಿನ ಮೇಲೆ ನಿಂತು ಮೊಣಕಾಲು ಸವೆಸಿಕೊಂಡು, ಮೂವತ್ತೇಳನೆಯ ವಯಸ್ಸಿಗೆ ಈ ಮೇಜಿಗೆ ಬಂದ. ಅಲ್ಲಿಂದ ಇಲ್ಲಿಯವರೆಗೆ ಅವನ ವಿಸಿಲಿಗೆ ತಲೆಬಾಗದವರಿಲ್ಲ. ಒಮ್ಮೆ ಒಂದು ಮದುವೆಯ ದಿಬ್ಬಣದ ಬಸ್ಸು ಹೇಳದೆ ಕೇಳದೆ ಸ್ಟ್ಯಾಂಡಿನೊಳಗೆ ಬಂದು ನಿಂತಿತು. ಮದುಮಗ ಕಬ್ಬಿನ ಹಾಲು ಕುಡಿಯಲು ಇಳಿದ. ಎರಡು ನಿಮಿಷವಾಯಿತು, ಭೋಜ ಊದಿದ, ಚಾಲಕ ಹೆದರಿ ಹೊರಟೇಬಿಟ್ಟ. ಮದುಮಗಳು ಬೈಲೂರು ಮುಟ್ಟಿದಾಗ ಮದುಮಗ ಹಿರಿಯಡ್ಕದಲ್ಲಿ ಪೇಟ ಸಮೇತ ಗ್ಲಾಸು ಹಿಡಿದು ನಿಂತಿದ್ದ. ಆ ಸಂಸಾರ ಇವತ್ತಿಗೂ ಚೆನ್ನಾಗಿದೆ. ಅದರ ಯಶಸ್ಸನ್ನು ಭೋಜ ತನ್ನ ಲೆಕ್ಕಕ್ಕೇ ಸೇರಿಸಿಕೊಳ್ಳುತ್ತಾನೆ: ತಡಮಾಡಿದರೆ ಏನಾಗುತ್ತದೆ ಎಂದು ಗಂಡಿಗೆ ಮೊದಲ ದಿನವೇ ಗೊತ್ತಾಯಿತಲ್ಲ.

ಇಂಥ ವೀರನಿಗೆ ತಕ್ಕ ವೈರಿಯೂ ಬೇಕು. ಅವನು ಡೆನ್ವರ್. ಕಾರ್ಕಳದ ಅತ್ತೂರಿನವನು, 'ಅಜೆಕಾರು ಸ್ಟಾರ್' ಬಸ್ಸಿನ ಚಾಲಕ. ಎಂಟು ಹದಿನೈದಕ್ಕೆ ಬಂದು ಎಂಟು ಹದಿನೇಳಕ್ಕೆ ಉಡುಪಿಗೆ ಹೊರಡಬೇಕಾದವನು. ಡೆನ್ವರ್ ಯಾವತ್ತೂ ಹದಿನೇಳಕ್ಕೆ ಹೊರಡುವವನಲ್ಲ. ಹೊರಡದಿರುವುದು ಅವನಿಗೆ ಮರ್ಯಾದೆಯ ಪ್ರಶ್ನೆ. ದಿನವೂ ಬೆಳಿಗ್ಗೆ ಭೋಜ ಬಸ್ಸಿನ ಮುಂದೆ ಬಂದು ಊದುತ್ತಿದ್ದ, ಡೆನ್ವರ್ ಕಿಟಕಿಯಿಂದ ತಲೆ ಹಾಕುತ್ತಿದ್ದ.

"ಓ ಭೋಜ, ನಿನ್ನ ಗಡಿಯಾರಕ್ಕೆ ಮೊದಲು ಸೆಲ್ ಹಾಕಿಸು ಮಾರಾಯ."

"ನಿನ್ನ ಬಸ್ಸಿಗೆ ಮೊದಲು ಬ್ರೇಕ್ ಹಾಕಿಸು. ಮತ್ತೆ ನನ್ನ ಗಡಿಯಾರದ ಮಾತಾಡುವ."

"ಒಂದು ಹೆಂಗಸು ಓಡಿಕೊಂಡು ಬರ್ತಾ ಉಂಟು, ಕಾಣುದಿಲ್ವಾ?"

"ಅವರು ಮೀನು ತೆಗೊಳ್ಳಲಿಕ್ಕೆ ಓಡುದು. ನಿನ್ನ ಬಸ್ಸಿಗೆ ಯಾರು ಓಡಿ ಬರ್ತಾರೆ?"

ಊರವರು ಈ ಜಗಳ ಕೇಳಿ ಕೈಗಡಿಯಾರ ಸರಿಮಾಡಿಕೊಳ್ಳುತ್ತಿದ್ದರು. ಇಪ್ಪತ್ತೆರಡು ವರ್ಷಗಳಲ್ಲಿ ಇಬ್ಬರೂ ಒಬ್ಬರನ್ನೊಬ್ಬರು ಒಮ್ಮೆಯೂ ಒಳ್ಳೆಯ ಮಾತಿನಿಂದ ಕರೆದದ್ದಿಲ್ಲ, ಒಂದು ದಿನವೂ ಮಾತಾಡದೆ ಇದ್ದದ್ದಿಲ್ಲ.

ಹೀಗಿರುವಾಗ ಮಾಲಕರ ಸಂಘದವರು ಕಟಪಾಡಿಯ ಒಂದು ಸಭಾಭವನದಲ್ಲಿ ಬಸ್ ಸಿಬ್ಬಂದಿಗೆ ಉಚಿತ ಆರೋಗ್ಯ ತಪಾಸಣೆ ಇಟ್ಟರು. ಭೋಜ ಹೋಗಿ, ಸಾಲು ನಿಧಾನವಾಯಿತೆಂದು ಮೂವರನ್ನು ಬೈದು, ರಕ್ತ ಕೊಟ್ಟು ಬಂದ. ಎರಡು ದಿನಗಳ ಮೇಲೆ ವರದಿ ತಯಾರಾಯಿತು. ಅಂಚೆಯಲ್ಲಿ ಕಳಿಸಲು ಯಾರಿಗೆ ಪುರುಸೊತ್ತು? ಈ ಕಡೆಯಲ್ಲಿ ಔಷಧ, ಮಲ್ಲಿಗೆ, ಜಾತಕ, ಮರೆತು ಹೋದ ಕನ್ನಡಕ ಎಲ್ಲವೂ ಹೋಗುವುದು ಬಸ್ಸಿನಲ್ಲಿಯೇ. ಚಾಲಕನ ಕೈಗೆ ಕೊಟ್ಟು 'ಹಿರಿಯಡ್ಕದಲ್ಲಿ ಭೋಜನಿಗೆ' ಎಂದರೆ ಮುಗಿಯಿತು. ವರದಿ ಕಟಪಾಡಿಯಲ್ಲಿ ಒಂದು ಬಸ್ಸು ಹತ್ತಿ, ಉಡುಪಿಯಲ್ಲಿ ಬದಲಾಗಿ, ಮಣಿಪಾಲದಲ್ಲಿ ಮತ್ತೊಂದು ಕೈಗೆ ಹೋಗಿ, ಕೊನೆಗೆ ಡೆನ್ವರನ ಡ್ಯಾಶ್‌ಬೋರ್ಡಿನ ಮೇಲೆ, ಮೇರಿ ಮಾತೆಯ ಚಿತ್ರದ ಕೆಳಗೆ ಕೂತು ಬಂತು. ಲಕೋಟೆಗೆ ಅಂಟು ಹಾಕಿರಲಿಲ್ಲ. ಹಾಕಿದ್ದರೂ ದಾರಿಯಲ್ಲಿ ನಿಲ್ಲುತ್ತಿರಲಿಲ್ಲ.

ಹೀಗೆ ಭೋಜನ ರಕ್ತದಲ್ಲಿ ಏನಿದೆ ಎಂಬುದು ಭೋಜನಿಗಿಂತ ಮೊದಲು ನಾಲ್ವರು ಚಾಲಕರಿಗೆ, ಆರು ಕಂಡಕ್ಟರುಗಳಿಗೆ, ಪರ್ಕಳದಲ್ಲಿ ಹತ್ತಿದ ಒಬ್ಬ ನಿವೃತ್ತ ಮೇಷ್ಟ್ರಿಗೆ ತಿಳಿಯಿತು. ಬಿಳಿ ರಕ್ತಕಣ ನಲವತ್ತೆರಡು ಸಾವಿರ. ಅದರಲ್ಲಿ ಲಿಂಫೋಸೈಟು ಶೇಕಡಾ ಎಂಬತ್ತನಾಲ್ಕು. ಪಕ್ಕದಲ್ಲಿ ಕೆಂಪು ಅಕ್ಷರ, ಕೆಳಗೆ ಪೆನ್ನಿನಲ್ಲಿ 'ಕೂಡಲೇ ತಜ್ಞ ವೈದ್ಯರನ್ನು ಕಾಣಿರಿ'. ಮೇಷ್ಟ್ರು ಗುಣಿಸಿ, ಮೂವತ್ತೈದು ಸಾವಿರದ ಮೇಲೆ ಎಂದರು. ಒಬ್ಬ ಕಂಡಕ್ಟರು ತನ್ನ ಭಾವನಿಗೂ ಹೀಗೆಯೇ ಏರಿತ್ತು ಎಂದ. ಭಾವ ಈಗ ಎಲ್ಲಿದ್ದಾನೆ ಎಂದು ಯಾರೂ ಕೇಳಲಿಲ್ಲ. ಕಂಡಕ್ಟರು ಮೇಲೆ ನೋಡಿದ, ಅಷ್ಟೇ ಸಾಕಾಯಿತು.

ಮರುದಿನ ಬೆಳಿಗ್ಗೆ ಎಂಟು ಹದಿನೇಳಕ್ಕೆ ಭೋಜ ಊದಿದ. ಅಜೆಕಾರು ಸ್ಟಾರ್ ಹೊರಟಿತು.

ಭೋಜ ಗಡಿಯಾರ ನೋಡಿದ. ಬಸ್ಸಿನ ಹಿಂಭಾಗ ನೋಡಿದ. ಎರಡೂ ಸರಿಯಾಗಿದ್ದವು. ತಾನೇ ಏನೋ ತಪ್ಪು ಮಾಡಿದೆನೆಂದು ಅವನಿಗೆ ಅನಿಸಿತು.

ಅದರ ಮರುದಿನ ಡೆನ್ವರ್ ಕಿಟಕಿಯಿಂದ ಕೈ ಚಾಚಿ ಒಂದು ಸೀಸೆ ಕೊಟ್ಟ. "ಪಪ್ಪಾಯಿ ಎಲೆಯ ರಸ. ನಮ್ಮ ಅತ್ತೆ ಮಾಡಿದ್ದು. ಖಾಲಿ ಹೊಟ್ಟೆಯಲ್ಲಿ ಕುಡಿಯಿರಿ, ಭೋಜಣ್ಣ."

ಭೋಜನಿಗೆ ಸಿಡಿಲು ಬಡಿದಂತಾದದ್ದು ರಸದಿಂದಲ್ಲ. 'ಅಣ್ಣ' ಎಂಬುದರಿಂದ, 'ಕುಡಿಯಿರಿ' ಎಂಬುದರಿಂದ.

ಆ ಲೈನಿನ ಬಸ್ಸಿನವರಲ್ಲಿ ಒಂದು ಕಟ್ಟಳೆಯಿದೆ. ಯಾರಾದರೂ ನಿವೃತ್ತನಾಗುವ ದಿನ, ಅವನ ಕೊನೆಯ ಟ್ರಿಪ್ಪಿನಲ್ಲಿ, ಯಾರೂ ಅವನೊಂದಿಗೆ ನಿಮಿಷಕ್ಕಾಗಿ ಜಗಳವಾಡುವುದಿಲ್ಲ. ಮುಂದಿನ ಬಸ್ಸು ಸೈಡು ಕೊಡುತ್ತದೆ, ಹಿಂದಿನದು ಕಾಯುತ್ತದೆ. ಏಕವಚನದವರೂ ಬಹುವಚನಕ್ಕೆ ಬರುತ್ತಾರೆ. ಹಿಂದಿನ ವರ್ಷ ಮುದಿ ಚಾಲಕ ಅಪ್ಪಿಯಣ್ಣನ ಕೊನೆಯ ಟ್ರಿಪ್ಪು ಬಂದಾಗ, ಅಪ್ಪಿಯಣ್ಣ ಸ್ಟ್ಯಾಂಡಿನಲ್ಲಿ ಒಬ್ಬೊಬ್ಬರನ್ನೇ ತಬ್ಬಿಕೊಳ್ಳುತ್ತ ಒಂಬತ್ತು ನಿಮಿಷ ಕಳೆದಿದ್ದ. ಭೋಜ ವಿಸಿಲನ್ನು ಜೇಬಿನಲ್ಲಿ ಹಿಸುಕಿ ಹಿಡಿದು ನಿಂತು, ಸಂಜೆ ಹೊಟ್ಟೆಯುರಿಗೆ ಮಾತ್ರೆ ನುಂಗಿದ್ದ. ಆದರೂ ಮರ್ಯಾದೆ ಮರ್ಯಾದೆಯೇ.

ಆ ಮರ್ಯಾದೆಯನ್ನು ಈಗ ತನಗೇ ಕೊಡುತ್ತಿದ್ದಾರೆ ಎಂದು ಗೊತ್ತಾದಾಗ ಭೋಜನಿಗೆ ಬಂದ ಸಿಟ್ಟು, ಹಿಂದಿನ ಸಿಟ್ಟುಗಳನ್ನೆಲ್ಲ ಎಲ್‌ಕೆಜಿಗೆ ಕಳಿಸುವಂಥದ್ದು. ತಾನು ಇನ್ನೂ ಡಾಕ್ಟರನ್ನೇ ಕಂಡಿಲ್ಲ. ಇವರಾಗಲೇ ಕೊನೆಯ ಟ್ರಿಪ್ಪು ಬಿಟ್ಟಿದ್ದಾರೆ.

ಮಣಿಪಾಲದಲ್ಲಿ ರಕ್ತದ ಡಾಕ್ಟರು ಹತ್ತು ಗಂಟೆಗೆ ಬರಲು ಹೇಳಿ ಹತ್ತೂ ನಲವತ್ತಕ್ಕೆ ಒಳಗೆ ಕರೆದರು. ಭೋಜ ಬೈಯಲೆಂದೇ ಎದ್ದ. ಒಳಗೆ ಕೂತಿದ್ದದ್ದು ಮೂವತ್ತರ ಆಸುಪಾಸಿನ, ತಲೆನೋವಿನ ಮುಖದ ಡಾಕ್ಟರ್ ಕ್ಯಾರೆನ್. ಜೊತೆಗೆ ಬಂದಿದ್ದ ಹೆಂಡತಿ ಮೋಹಿನಿ ಭೋಜನ ಅಂಗಿ ಹಿಡಿದು ಎಳೆದು ಕೂರಿಸಿದಳು. ಕುತ್ತಿಗೆ, ಕಂಕುಳು, ಹೊಟ್ಟೆ ಒತ್ತಿ ನೋಡಿದ್ದಾಯಿತು. ಮತ್ತೊಮ್ಮೆ ರಕ್ತ ತೆಗೆದದ್ದಾಯಿತು. ವಾರದ ನಂತರ ಅದೇ ಕುರ್ಚಿಯಲ್ಲಿ ಕೂತು ಕೇಳಿದ್ದೂ ಆಯಿತು.

"ಲಿಂಫೋಸೈಟು ಅಂದ್ರೆ ಕಾವಲುಗಾರರು ಅಂಕಲ್. ಸಾಸಿವೆ ಕಾಳಿನಷ್ಟು ರಕ್ತದಲ್ಲಿ ಒಂದು ಸಾವಿರದಿಂದ ನಾಲ್ಕು ಸಾವಿರದವರೆಗೆ ಇರ್ತವೆ. ವೈರಸ್ ಜ್ವರ ಬಂದರೆ ಏರ್ತವೆ, ಮತ್ತೆ ಇಳೀತವೆ. ಕೆಲವು ಕಾಯಿಲೆಯಲ್ಲಿ ತುಂಬ ಕಡಿಮೆ ಆಗ್ತವೆ, ಅದೂ ಒಳ್ಳೆಯದಲ್ಲ. ಹಾಗಾಗಿ ಒಂದು ಸಲದ ಸಂಖ್ಯೆ ನೋಡಿ ನಾವು ಏನೂ ಹೇಳುದಿಲ್ಲ."

"ನಮ್ಮ ಕಂಡಕ್ಟರುಗಳು ಹೇಳಿ ಆಯ್ತು," ಎಂದ ಭೋಜ.

"ನಿಮ್ಮದು ಎರಡನೇ ಸಲವೂ ಮೂವತ್ತೈದು ಸಾವಿರ ಉಂಟು. ಮತ್ತೆ ಅದೇ ರಕ್ತದ ಇನ್ನೊಂದು ವಿಶೇಷ ಪರೀಕ್ಷೆಯಲ್ಲಿ ಎಲ್ಲವೂ ಒಂದೇ ಅಚ್ಚಿನವು ಅಂತ ಗೊತ್ತಾಯ್ತು. ಇದು ರಕ್ತದ ಕ್ಯಾನ್ಸರಿನಲ್ಲೇ ಒಂದು ಜಾತಿ. ಹೆದರಬೇಡಿ, ನಿಧಾನದ್ದು. ಹಿಮೋಗ್ಲೋಬಿನ್ ಸರಿ ಉಂಟು, ಪ್ಲೇಟ್‌ಲೆಟ್ ಸರಿ ಉಂಟು, ತೂಕ ಇಳಿದಿಲ್ಲ."

ಮೋಹಿನಿ ಸೆರಗಿನ ತುದಿಯನ್ನು ಬೆರಳಿಗೆ ಸುತ್ತಿದಳು, ಬಿಚ್ಚಿದಳು, ಮತ್ತೆ ಸುತ್ತಿದಳು. ಭೋಜ ಕೇಳಿದ, "ಎಂತಕ್ಕೆ ಇಷ್ಟು ಆದದ್ದು?"

"ಮಾಮೂಲಾಗಿ ಈ ಕಣಗಳು ತಮ್ಮ ಸಮಯ ಮುಗಿದ ಕೂಡಲೇ ಸಾಯ್ತವೆ. ಹೊಸತಕ್ಕೆ ಜಾಗ ಬಿಡ್ತವೆ. ನಿಮ್ಮದರಲ್ಲಿ ಒಂದು ಗುಂಪು ಹಾಗೆ ಹೋಗುದಿಲ್ಲ. ಅಲ್ಲೇ ನಿಲ್ತವೆ. ಅದಕ್ಕೇ ರಶ್."

"ಹೋಗುದಿಲ್ವಾ?"

"ಇಲ್ಲ."

"ಸಮಯ ಆದ ಮೇಲೂ?"

"ಆದ ಮೇಲೂ."

ಇಪ್ಪತ್ತೆರಡು ವರ್ಷ. ಬಿಸಿಲಲ್ಲಿ, ಮಳೆಯಲ್ಲಿ, ಮೊಣಕಾಲು ನೋವಲ್ಲಿ, ಒಂದು ನಿಮಿಷ ಹೆಚ್ಚು ನಿಂತವರನ್ನೆಲ್ಲ ಓಡಿಸಿದ ಭೋಜನ ಸ್ವಂತ ರಕ್ತದೊಳಗೆ, ಒಂದೊಂದು ಸಾಸಿವೆ ಕಾಳಿನ ಜಾಗದಲ್ಲಿ ಮೂವತ್ತೈದು ಸಾವಿರ ಡೆನ್ವರುಗಳು ಇಂಜಿನ್ ಆಫ್ ಮಾಡಿ ಕೂತಿದ್ದರು. ಯಾರ ಪರವಾನಗಿ ಕೇಳಿ? ಭೋಜನ ಕೈ ತಾನಾಗಿ ಕೊರಳಿನ ವಿಸಿಲಿಗೆ ಹೋಯಿತು.

"ಮದ್ದು ಕೊಡಿ. ಎಲ್ಲವನ್ನೂ ಹೊರಡಿಸಿ."

"ಈಗ ಮದ್ದು ಬೇಡ. ಈಗಲೇ ಕೊಟ್ಟರೆ ಹೆಚ್ಚೇನೂ ಲಾಭ ಇಲ್ಲ ಅಂತ ಗೊತ್ತಾಗಿದೆ. ನಾವು ಕಾಯುದು."

"ಕಾಯುದಾ?"

"ಮೂರು ತಿಂಗಳಿಗೊಮ್ಮೆ ರಕ್ತ ನೋಡುವ. ಅಂಕಲ್, ಸಂಖ್ಯೆ ಎಷ್ಟು ಅನ್ನುವುದಕ್ಕಿಂತ ಅದು ಎಷ್ಟು ಬೇಗ ಏರ್ತದೆ ಅನ್ನುದು ಮುಖ್ಯ. ಆರು ತಿಂಗಳೊಳಗೆ ಎರಡು ಪಟ್ಟು ಆದ್ರೆ, ಹಿಮೋಗ್ಲೋಬಿನ್ ಬಿದ್ರೆ, ಕುತ್ತಿಗೆ ಕಂಕುಳಲ್ಲಿ ಗಂಟು ದೊಡ್ಡದಾದ್ರೆ ಆಗ ಮದ್ದು. ಒಳ್ಳೊಳ್ಳೆ ಮದ್ದು ಉಂಟು. ಕೆಲವರಿಗೆ ವರ್ಷಗಟ್ಟಲೆ ಬೇಕಾಗುದೇ ಇಲ್ಲ. ಜ್ವರ ಬಂದರೆ ಮಾತ್ರ ಆ ದಿನವೇ ಬನ್ನಿ. ಈ ಕಾವಲುಗಾರರು ಲೆಕ್ಕಕ್ಕೆ ಎಷ್ಟಿದ್ದರೂ ಕೆಲಸಕ್ಕಿಲ್ಲ."

ಆ ವೇಗದ ಮಾತು ಮಾತ್ರ ಭೋಜನಿಗೆ ಥಟ್ಟನೆ ಅರ್ಥವಾಯಿತು. ಬಸ್ಸು ಎಲ್ಲಿದೆ ಎಂದು ಕೇಳುವವನು ಪೆದ್ದ. ಬೈಲೂರಿನಿಂದ ಹಿರಿಯಡ್ಕಕ್ಕೆ ಎಷ್ಟು ನಿಮಿಷದಲ್ಲಿ ಬಂತು ಎಂದು ಕೇಳುವವನೇ ಟೈಂಕೀಪರು. ಈ ಹುಡುಗಿಗೆ ಕೆಲಸ ಗೊತ್ತಿದೆ ಎಂದುಕೊಂಡ. ನಲವತ್ತು ನಿಮಿಷ ತಡಮಾಡಿದ್ದನ್ನು ಅರ್ಧ ಮನ್ನಿಸಿದ.

ಏಳುವಾಗ ಕೇಳಿದ, "ಸಿಟ್ಟು ಮಾಡಬಹುದಾ?"

ಡಾಕ್ಟರ್ ಕ್ಯಾರೆನ್ ಬಿಪಿ ನೋಡಿದ ಚೀಟಿ ಮೇಲೆತ್ತಿ ನೋಡಿದರು. "ನೂರ ಮೂವತ್ತು, ಎಂಬತ್ತು. ಮಾಡಿ."

ಆದರೆ ಸಿಟ್ಟು ಒಬ್ಬನಿಂದ ಆಗುವ ಕೆಲಸವಲ್ಲ. ಆ ಕಡೆಯಿಂದಲೂ ಒಬ್ಬ ಬೇಕು.

ಭೋಜ ಸ್ಟ್ಯಾಂಡಿನಲ್ಲಿ ಎಲ್ಲರಿಗೂ ವಿವರಿಸಿದ. ನಿಧಾನದ್ದು ಮಾರಾಯರೆ, ಮದ್ದೂ ಬೇಡವಂತೆ ಎಂದ. ಅವರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ಮದ್ದೇ ಬೇಡವೆಂದು ಡಾಕ್ಟರು ಕಳಿಸಿದ್ದಾರೆ ಎಂದರೆ ಅದರ ಅರ್ಥ ಬಸ್ಸಿನವರಿಗೆ ಗೊತ್ತಿಲ್ಲವೆ? ಗ್ಯಾರೇಜಿನವನು ರಿಪೇರಿ ಬೇಡ, ಹಾಗೇ ಓಡಿಸಿ ಎಂದು ಹೇಳುವುದು ಯಾವ ಬಸ್ಸಿಗೆ ಎಂದು ಅವರೆಲ್ಲರೂ ಬಲ್ಲರು. ಮರ್ಯಾದೆ ಇಮ್ಮಡಿಯಾಯಿತು.

ಒಂದು ಟ್ರಿಪ್ಪಿಗೆಂದು ಹಿರಿಯರು ಮಾಡಿದ ಕಟ್ಟಳೆ ಒಂದು ತಿಂಗಳು ನಡೆಯಿತು, ಎರಡು ತಿಂಗಳು ನಡೆಯಿತು. ಭೋಜ ಸಾಯಲಿಲ್ಲ, ಇವರು ಬಿಡಲಿಲ್ಲ. ಎಲ್ಲ ಬಸ್ಸುಗಳೂ ಸಮಯಕ್ಕೆ ಹೊರಟವು. ಇದರಿಂದ ಊರಿಗೆ ಬಹಳ ತೊಂದರೆಯಾಯಿತು. ಹಿರಿಯಡ್ಕದವರು ಎಂಟು ಹದಿನೇಳರ ಬಸ್ಸಿಗೆ ಎಂಟು ಹದಿನೆಂಟಕ್ಕೆ ಮನೆಯಿಂದ ಹೊರಡುವವರು. ಕಬ್ಬಿನ ಹಾಲಿನವನ ಗಾಡಿಯ ಮುಂದೆ ನಿಲ್ಲಲು ಜನರೇ ಇಲ್ಲ. ಭೋಜ ಕೆಣಕಿ ನೋಡಿದ. ಜೂನ್ ತಿಂಗಳಲ್ಲೊಂದು ದಿನ ಅಜೆಕಾರು ಸ್ಟಾರನ್ನು ಬೇಕೆಂದೇ ಒಂದು ನಿಮಿಷ ಮೊದಲು ಓಡಿಸಿದ. ಡೆನ್ವರ್ ಕೈ ಮುಗಿದು ಹೊರಟ. ಇನ್ನೊಂದು ದಿನ ಹದಿನೇಳಕ್ಕೆ ಹೊರಟವನನ್ನು 'ತಡಮಾಡಿದೆ, ಕಳ್ಳ' ಎಂದು ಬೈದ. "ನಮ್ಮದೇ ತಪ್ಪು, ಭೋಜಣ್ಣ," ಎಂದ ಡೆನ್ವರ್, ಇಗರ್ಜಿಯಲ್ಲಿ ಪಾಪನಿವೇದನೆ ಮಾಡುವವನ ಧ್ವನಿಯಲ್ಲಿ. ಭೋಜನಿಗೆ ಅವನ ಕುತ್ತಿಗೆ ಹಿಸುಕಬೇಕೆನಿಸಿತು.

ಮನೆಯಲ್ಲಿ ಇನ್ನೂ ಕಷ್ಟ. ಮೂವತ್ತೊಂದು ವರ್ಷಗಳ ಸಂಸಾರದಲ್ಲಿ ಭೋಜ ಊಟಕ್ಕೆ ಕೂತು ಒಂದು ಕೊರತೆ ಹೇಳುವುದು, ಮೋಹಿನಿ ಬೀಡಿ ಎಲೆ ಕತ್ತರಿಸುವ ಕತ್ತರಿ ಕೆಳಗಿಡದೆಯೇ ಅದಕ್ಕೆ ಹರಿತವಾದ ಉತ್ತರ ಕೊಡುವುದು, ಅನ್ನಕ್ಕೆ ಸಾರಿನಷ್ಟೇ ಅವಶ್ಯವಾಗಿತ್ತು. ಈಗ ಅವನು "ಉಪ್ಪು ಹೆಚ್ಚಾಯ್ತು" ಎಂದರೆ ಅವಳು "ಹೌದು, ಬೇರೆ ಮಾಡಿ ಕೊಡ್ತೇನೆ" ಎಂದು ಎದ್ದುಬಿಡುತ್ತಿದ್ದಳು. ಉಪ್ಪು ಹೆಚ್ಚಾಗಿರಲಿಲ್ಲ. ಭೋಜನಿಗೆ ಲಿಂಫೋಸೈಟಿನಿಂದ ಹುಟ್ಟದ ಭಯ, ಈ 'ಹೌದು' ಎಂಬ ಮಾತಿನಿಂದ ಹುಟ್ಟಿತು.

ಅವನಿಗೆ ಈಗ ಬೇಕಾದದ್ದು ಒಂದೇ. ಒಂದು ಜಗಳ. ಬದುಕಿರುವ ಮನುಷ್ಯನ ಜೊತೆ ಬದುಕಿರುವ ಮನುಷ್ಯ ಆಡುವಂಥ ಒಂದು ಸರಿಯಾದ ಜಗಳ.

ಮೂರನೆಯ ತಿಂಗಳ ಲೆಕ್ಕ ಮೂವತ್ತಾರು ಸಾವಿರದ ಒಂಬೈನೂರು ಬಂತು. ಆರನೆಯ ತಿಂಗಳದ್ದು ಮೂವತ್ತೆಂಟು ಸಾವಿರ. ಡಾಕ್ಟರ್ ಕ್ಯಾರೆನ್ ಎರಡು ಚೀಟಿಯನ್ನೂ ಪಕ್ಕ ಪಕ್ಕ ಇಟ್ಟು, "ಈ ವೇಗದಲ್ಲಿ ಹೋದ್ರೆ ಎರಡು ಪಟ್ಟು ಆಗ್ಲಿಕ್ಕೆ ವರ್ಷಗಳು ಬೇಕು ಅಂಕಲ್. ಇನ್ನು ಆರು ತಿಂಗಳು ಬಿಟ್ಟು ಬನ್ನಿ," ಎಂದರು.

ಭೋಜ ವರದಿಯನ್ನು ಗಡಿಯಾರದ ಕೆಳಗೆ ಮೊಳೆ ಹೊಡೆದು ತೂಗುಹಾಕಿದ. ಬಂದ ಬಂದ ಚಾಲಕರನ್ನು ಕರೆದು ತೋರಿಸಿದ. "ಓದಿ. ಎರಡು ಪಟ್ಟು ಆಗ್ಲಿಲ್ಲ. ನಿಮ್ಮ ಬಸ್ಸುಗಳಿಗಿಂತ ನಿಧಾನ ಉಂಟು." ಅವರು ಓದಿದರು. ಒಬ್ಬ ಅವನ ಬೆನ್ನು ಸವರಿದ. ಇನ್ನೊಬ್ಬ, "ದೇವರಿದ್ದಾನೆ, ಭೋಜಣ್ಣ. ಸಿಟ್ಟು ಮಾಡ್ಕೊಳ್ಬೇಡಿ, ಆರೋಗ್ಯಕ್ಕೆ ಒಳ್ಳೆಯದಲ್ಲ," ಎಂದ.

"ಡಾಕ್ಟ್ರೇ ಮಾಡಿ ಅಂತ ಹೇಳಿದ್ದಾರೆ," ಎಂದು ಭೋಜ ಕಿರುಚಿದ. ಆ ಚಾಲಕ ಕರುಣೆಯಿಂದ ತಲೆಯಾಡಿಸುತ್ತ ಹೋದ.

ಮರುದಿನ ಬೆಳಿಗ್ಗೆ ಅಜೆಕಾರು ಸ್ಟಾರ್ ಎಂಟು ಹದಿನೈದಕ್ಕೆ ಬಂದು ನಿಂತಿತು. ಹದಿನಾರಾಯಿತು, ಹದಿನೇಳಾಯಿತು. ಭೋಜ ಎದ್ದು ಹೋಗಿ ಬಸ್ಸಿನ ಮುಂದೆ ನಿಂತ. ಕೊರಳಿನಿಂದ ವಿಸಿಲು ತೆಗೆದು ಜೇಬಿಗೆ ಹಾಕಿದ.

ಊದದೆ ಬಸ್ಸು ಹೊರಡುವಂತಿಲ್ಲ. ಅದು ಕಾನೂನು. ಅವನದೇ ಕಾನೂನು.

ಹದಿನೆಂಟು. ಹತ್ತೊಂಬತ್ತು. ಒಂದೊಂದು ನಿಮಿಷವೂ ಭೋಜನಿಗೆ ಸ್ವಂತ ಹಲ್ಲನ್ನು ತಾನೇ ಕಿತ್ತುಕೊಂಡ ಹಾಗಾಗುತ್ತಿತ್ತು. ತಾನು ಕಟ್ಟಿದ ಧರ್ಮವನ್ನು ತಾನೇ ಒದೆಯುತ್ತಿದ್ದ. ಹಿಂದೆ ಎರಡು ಬಸ್ಸು ಬಂದು ನಿಂತವು, ಮೂರಾದವು. ಒಂದೂ ಹಾರ್ನ್ ಹೊಡೆಯಲಿಲ್ಲ. ಡೆನ್ವರ್ ಹಣೆಯಿಂದ ಎದೆಗೆ ಶಿಲುಬೆಯ ಗುರುತು ಮಾಡಿ, ಸ್ಟೇರಿಂಗಿನ ಮೇಲೆ ಎರಡೂ ಕೈ ಇಟ್ಟು, ಎದುರಿನ ಬ್ಯಾಂಕಿನ ಬೋರ್ಡು ಓದುತ್ತ ಕೂತ. ಇಪ್ಪತ್ತು. ಇಪ್ಪತ್ತೊಂದು. ಬಸ್ಸಿನೊಳಗೂ ಸದ್ದಿಲ್ಲ, ದಿನವೂ ಬರುವ ಊರವರಿಗೆಲ್ಲ ವಿಷಯ ಗೊತ್ತು.

ಇಪ್ಪತ್ತನಾಲ್ಕಕ್ಕೆ ಹಿಂದಿನ ಬಾಗಿಲಿನಿಂದ ಒಂದು ಹೆಂಗಸು ಇಳಿದಳು. ತಲೆಗೆ ಟವೆಲು ಸುತ್ತಿ, ಕಂಕುಳಲ್ಲಿ ಬುತ್ತಿ ಹಿಡಿದವಳು. ಶರಣಮ್ಮ. ಬಾಗಲಕೋಟೆಯ ಕಡೆಯಿಂದ ಬಂದು ಹಿರಿಯಡ್ಕದಲ್ಲಿ ಬಿಡಾರ ಮಾಡಿ, ಮಣಿಪಾಲದಲ್ಲಿ ಕಟ್ಟಡ ಕೆಲಸಕ್ಕೆ ಹೋಗುವವಳು. ಬಸ್ಸಿನವರ ಕಟ್ಟಳೆ ಅವಳಿಗೆ ಯಾರೂ ಹೇಳಿರಲಿಲ್ಲ.

"ಯಣ್ಣಾ, ಏನ್ ನಡಸೀ? ಎಂಟೂ ಮುಕ್ಕಾಲಕ್ಕ ಅಲ್ಲಿ ಸ್ಲ್ಯಾಬ್ ಹಾಕಾಕ ಚಾಲೂ ಮಾಡ್ತಾರ. ಮಿಕ್ಸರ್ ನನ್ನ ಸಲುವಾಗಿ ನಿಂದರ್ತೈತೇನು?"

ಕಂಡಕ್ಟರ್ ಅಕ್ಷಿತ್ ಹಿಂದೆಯೇ ಓಡಿ ಬಂದು ಪಿಸುಗುಟ್ಟಿದ. "ಅಕ್ಕಾ, ಸುಮ್ಮನಿರಿ. ಅವರಿಗೆ ಹುಷಾರಿಲ್ಲ."

"ಹುಷಾರಿಲ್ಲದಾವ ಬಸ್ಸಿಗೆ ಅಡ್ಡ ನಿಂದರ್ತಾನೇನು? ನಮ್ಮ ಕಡೆ ಹುಷಾರಿಲ್ಲದವರು ಮನ್ಯಾಗ ಮಕ್ಕೊಂತಾರ."

"ರಕ್ತದಲ್ಲಿ ಉಂಟು ಅವರಿಗೆ. ಮೂವತ್ತೈದು ಸಾವಿರ."

"ಮೂವತ್ತೈದು ಲಕ್ಷ ಇರ್ಲಿ. ಅವನ ರಕ್ತದಾಗಿಂದು ಅವನ ಸಂಗಾಟ ಇರ್ಲಿ. ನನ್ನ ಬಸ್ ಯಾಕ ನಿಂತೈತಿ?"

"ಮೂವತ್ತೆಂಟು," ಎಂದು ಭೋಜ ಗದರಿದ. "ಹಳೆ ಲೆಕ್ಕ ಹೇಳಬೇಡ ಅಕ್ಷಿತ್. ಮೂವತ್ತೆಂಟು ಸಾವಿರ. ಎರಡು ಪಟ್ಟು ಆಗ್ಲಿಲ್ಲ."

"ನೀ ಸುಮ್ಮಕಿರು. ಕೈಯಾಗ ಸೀಟಿ ಕೊಟ್ಟಾರಂತ ಊರಿಗೆ ಗೌಡ ಆದ್ಯೇನು? ದಿನಾ ಎರಡು ನಿಮಿಷ ಆದ ಕೂಡ್ಲೆ ಊದತಿದ್ದಿ, ನಾ ಓಡಿ ಓಡಿ ಹತ್ತತಿದ್ದೆ. ಮುಂಜಾನೆ ರೊಟ್ಟಿ ಸೈತ ನಿಂತ್ಕೊಂಡು ತಿಂದೀನಿ ನಿನ್ನ ಸಲುವಾಗಿ. ಇವತ್ತ ಏಳು ನಿಮಿಷ ಮೆರವಣಿಗಿ ದೇವರಾಗಿ ನಿಂತೀದಿ."

ಭೋಜನ ಕಿವಿ ಬೆಚ್ಚಗಾಯಿತು. ಆರು ತಿಂಗಳಲ್ಲಿ ಮೊದಲ ಬಾರಿಗೆ ಯಾರೋ ಅವನನ್ನು 'ನೀ' ಎಂದಿದ್ದರು. ಮುಂಗಾರಿನ ಮೊದಲ ಹನಿಗೆ ಬಾಯಿ ತೆರೆದ ಕಪ್ಪೆಯಂತೆ ಅವನು ನಿಂತ.

ಶರಣಮ್ಮ ಚಾಲಕನ ಕಿಟಕಿಗೆ ತಿರುಗಿದಳು. "ನಿನಗರ ಬಾಯಿ ಐತೋ ಇಲ್ಲೋ? ಹಾರ್ನ್ ಐತಿ, ಹೊಡಿ."

ಡೆನ್ವರ್ ಹಾರ್ನಿನ ಗುಂಡಿಯನ್ನು ನೋಡಿದ. ಮೇರಿ ಮಾತೆಯನ್ನು ನೋಡಿದ. ಭೋಜನನ್ನು ನೋಡಿದ. ಆರು ತಿಂಗಳು ನುಂಗಿದ್ದೆಲ್ಲ ಮೊದಲು ಅವನ ಅಂಗೈಗೆ ಇಳಿಯಿತು. ಅಜೆಕಾರು ಸ್ಟಾರಿನ ಹಾರ್ನ್ ಹಿರಿಯಡ್ಕದ ಕಾಗೆಗಳನ್ನೆಲ್ಲ ಒಮ್ಮೆಗೇ ಎಬ್ಬಿಸಿತು. ಹಿಂದಿನ ಮೂರು ಬಸ್ಸುಗಳು ದನಿಗೂಡಿಸಿದವು. ಬಾಗಿಲು ತೆರೆಯಿತು, ಡೆನ್ವರ್ ಧುಮುಕಿದ.

"ಓ ಭೋಜ," ಎಂದ.

ಅಣ್ಣ ಇಲ್ಲ. ಭೋಜ ಕಣ್ಣು ಮುಚ್ಚಿ ತೆರೆದ.

"ಎಂತದಾ ನಿನ್ನದು? ಆರು ತಿಂಗಳು ಬಾಯಿ ಮುಚ್ಚಿ ಕೂತೆ ನಾನು. ಜೂನ್ ತಿಂಗಳಲ್ಲಿ ನನ್ನನ್ನು ಒಂದು ನಿಮಿಷ ಮೊದಲು ಓಡಿಸಿದೆಯಲ್ಲ, ನನಗೆ ಗೊತ್ತಾಗ್ಲಿಲ್ಲ ಅಂತ ಮಾಡಿದ್ದೀಯಾ? ನಮ್ಮ ಅತ್ತೆ ಬರ್ತಾಬಾಯಿ ಅಲ್ಲಿ ಛತ್ರಿ ಬಿಡಿಸಿಕೊಂಡು ನಿಂತಿದ್ರು. ಅತ್ತೆಯನ್ನು ಬಿಟ್ಟು ಹೋದೆ ನಾನು, ಮಳೆಯಲ್ಲಿ."

"ಅತ್ತೆಯನ್ನು ಬಿಟ್ಟು ಹೋಗ್ಲಿಕ್ಕೆ ಕಾರಣ ಸಿಕ್ಕಿತಲ್ಲ. ನನ್ನ ಹೆಸರಿನಲ್ಲಿ ಕ್ಯಾಂಡಲ್ ಹಚ್ಚು."

"ಹಚ್ಚಿದ್ದೇನೆ," ಎಂದು ಡೆನ್ವರ್ ಕೂಗಿದ. "ಅತ್ತೂರಿನ ಇಗರ್ಜಿಯಲ್ಲಿ. ಪ್ರತಿ ಗುರುವಾರ. ಇಪ್ಪತ್ತಾರು ಕ್ಯಾಂಡಲ್ ಆಯ್ತು."

"ಯಾರು ಹೇಳಿದ್ದು ನಿನಗೆ? ನಾನು ಇರ್ಲಿ ಅಂತ ಹಚ್ಚಿದ್ದಾ, ಹೋಗ್ಲಿ ಅಂತಲಾ?"

"ಇಷ್ಟು ದಿನ ಇರ್ಲಿ ಅಂತ. ಇವತ್ತು ನನಗೇ ಗೊತ್ತಿಲ್ಲ."

"ಕ್ಯಾಂಡಲ್ ಹಚ್ಚುವವನು ಆ ಕಾಗದ ಸರಿಯಾಗಿ ಓದುದು ಯಾವಾಗ? ಕಟಪಾಡಿಯಿಂದ ಇಲ್ಲಿವರೆಗೆ ಎಲ್ಲರೂ ಓದಿದ್ರಿ. ಒಬ್ಬನಿಗೂ ಅರ್ಥ ಆಗ್ಲಿಲ್ಲ. ನನ್ನ ರಕ್ತದಲ್ಲಿ ಇರುದು ಎಂತ ಗೊತ್ತುಂಟಾ? ಸಮಯ ಆದ್ರೂ ಹೊರಡದ ಜಾತಿ. ನಿನ್ನದೇ ಜಾತಿ."

"ನನ್ನ ಜಾತಿಯಾ? ಹಾಗಾದ್ರೆ ನಿನಗೆ ಏನೂ ಆಗುದಿಲ್ಲ, ಮಾರಾಯ. ನಾನು ಇಪ್ಪತ್ತೆರಡು ವರ್ಷ ಇಲ್ಲಿ ನಿಂತೆ. ನನ್ನನ್ನು ಎಂತ ಮಾಡಿದೆ ನೀನು?"

ಭೋಜ ಡೆನ್ವರನ ಡ್ರೈವಿಂಗಿನ ಬಗ್ಗೆ ಮೊದಲಿನಿಂದ ಶುರುಮಾಡಿದ. ಡೆನ್ವರ್ ಗಡಿಯಾರಕ್ಕೆ ಬಂದ. ಭೋಜ ಬ್ರೇಕಿಗೆ ಹೋದ. ಹಿಂದಿನ ಬಸ್ಸಿನ ಚಾಲಕರು ಇಳಿದು ಬಂದು ತಂತಮ್ಮ ಆರು ತಿಂಗಳ ಬಾಕಿಯನ್ನೂ ಸೇರಿಸಿದರು. ಕಬ್ಬಿನ ಹಾಲಿನವನು ಯಂತ್ರ ತಿರುಗಿಸಲು ಶುರುಮಾಡಿದ. ಜನ ಗ್ಲಾಸು ಹಿಡಿದು ಸುತ್ತ ನಿಂತರು.

"ಸಾಕು ಬಿಡ್ರೋ," ಎಂದಳು ಶರಣಮ್ಮ ಫುಟ್‌ಬೋರ್ಡಿನಿಂದ. "ಉಳಿದದ್ದು ನಾಳೆ ಆಡ್ರಿ. ನಾಳೆ ಇರ್ತೀರಲ್ಲ ಇಬ್ರೂ."

ಭೋಜ ಗಡಿಯಾರ ನೋಡಿದ. ಎಂಟು ಮೂವತ್ತೊಂದು. ಜೇಬಿನಿಂದ ವಿಸಿಲು ತೆಗೆದು, ಆರು ತಿಂಗಳ ಉಸಿರನ್ನೆಲ್ಲ ಸೇರಿಸಿ ಊದಿದ. ಡೆನ್ವರ್ ಹತ್ತಿ ಕೂತು, ಬೇಕೆಂದೇ ಅರ್ಧ ನಿಮಿಷ ಕನ್ನಡಿ ಒರೆಸಿ, ಹೊರಟ. ಭೋಜ ಮೇಜಿಗೆ ಬಂದು ಪುಸ್ತಕದಲ್ಲಿ ಬರೆದ: ಅಜೆಕಾರು ಸ್ಟಾರ್, ಹದಿನಾಲ್ಕು ನಿಮಿಷ ತಡ. ಕಾರಣ ಎಂಬ ಕಾಲಮಿನಲ್ಲಿ ಪೆನ್ನು ಒಂದು ಕ್ಷಣ ನಿಂತಿತು. 'ಟೈಂಕೀಪರ್' ಎಂದು ಬರೆದು, ಹಲ್ಲು ಕಡಿದು, ಅದರ ಅಡಿಗೆ ಗೆರೆ ಎಳೆದ.

ಮಧ್ಯಾಹ್ನ ಮನೆಗೆ ಹೋದಾಗ ಮೋಹಿನಿ ಮೊರ ತೊಡೆಯ ಮೇಲಿಟ್ಟುಕೊಂಡು ಬೀಡಿ ಕಟ್ಟುತ್ತಿದ್ದಳು. ಸುದ್ದಿ ಅವಳಿಗೆ ಎಂಟೂ ನಲವತ್ತೈದರ ಬಸ್ಸಿನಲ್ಲೇ ಮುಟ್ಟಿತ್ತು. ಎದ್ದು ಬಂದು ಬಡಿಸಿದಳು. ಕುಚ್ಚಲಕ್ಕಿ ಅನ್ನ, ಬೂತಾಯಿ ಮೀನಿನ ಪುಳಿಮುಂಚಿ. ಮತ್ತೆ ಹೋಗಿ ಮೊರದ ಮುಂದೆ ಕೂತು ಕತ್ತರಿ ಕೈಗೆತ್ತಿಕೊಂಡಳು. ಭೋಜ ಒಂದು ತುತ್ತು ಬಾಯಿಗಿಟ್ಟ. ಅವಳ ಕಡೆ ನೋಡದೆ ಹೇಳಿದ:

"ಹುಳಿ ಹೆಚ್ಚಾಯ್ತು."

ಕತ್ತರಿ ನಿಂತಿತು. ಭೋಜ ಅನ್ನದ ಮೇಲೆ ಬೆರಳಿಟ್ಟು ಕಾದ. ಕಾಯುವುದರಲ್ಲಿ ಅವನಿಗೀಗ ಆರು ತಿಂಗಳ ಅಭ್ಯಾಸವಿತ್ತು.

"ಹೆಚ್ಚಾದ್ರೆ ಕಾಪುವಿಗೆ ಹೋಗಿ ನಿಮ್ಮ ಅಕ್ಕನ ಕೈಯಲ್ಲಿ ಉಣ್ಣಿ," ಎಂದಳು ಮೋಹಿನಿ. "ಅವರ ಪುಳಿಮುಂಚಿಯಲ್ಲಿ ಹುಳಿಯೂ ಇಲ್ಲ, ಖಾರವೂ ಇಲ್ಲ, ಮೀನೂ ಇಲ್ಲ."

ಕತ್ತರಿ ಮತ್ತೆ ಓಡತೊಡಗಿತು, ಮೊದಲಿಗಿಂತ ತುಸು ಜೋರಾಗಿ.

ಊಟಕ್ಕೆ ಭೋಜನಿಗಿದ್ದದ್ದು ಇಪ್ಪತ್ತು ನಿಮಿಷ. ಅವನು ಗೋಡೆಯ ಗಡಿಯಾರ ನೋಡಿದ, ತಟ್ಟೆ ಮುಂದಕ್ಕೆ ತಳ್ಳಿ ಇನ್ನೆರಡು ಬೂತಾಯಿ ಹಾಕಿಸಿಕೊಂಡ, ಸಮಯ ಮುಗಿದ ಮೇಲೂ ಅಲ್ಲಿಯೇ ಕೂತಿದ್ದ.